ರೋಬಸ್ಟಾ ಬೀಜದ ಸಾರ, ಹೆಪ್‌ಜಿ2 ಕೋಶ: ಲಿವರ್ ಕ್ಯಾನ್ಸರ್ ಸಂಶೋಧನೆಗೆ ಇಳಿಯೋಕೆ ಈ ಪ್ರಾಜೆಕ್ಟ್ ಸಾಕಾ?

ಮೂಡಿಗೆರೆ_ರೋಬಸ್ಟಾ:
ಎಂಎಸ್ಸಿ ಕೊನೇ ಸೆಮಿಸ್ಟರ್ ಪ್ರಾಜೆಕ್ಟ್‌ಗೆ ಚಿಕ್ಕಮಗಳೂರು ಕಡೆಯ ಹಸಿರು ರೋಬಸ್ಟಾ ಬೀಜದ ಮೆಥನಾಲ್ ಸಾರ ತೆಗೆದು ಹೆಪ್‌ಜಿ2 ಕೋಶಗಳ (ಲ್ಯಾಬ್‌ನಲ್ಲಿ ಬೆಳೆಸೋ ಲಿವರ್ ಕ್ಯಾನ್ಸರ್ ಕೋಶ) ಮೇಲೆ ಎಂಟಿಟಿ ಮಾಡುವ ಯೋಚನೆ. ಅಂದರೆ ಬದುಕಿರೋ ಕೋಶ ಹಳದಿ ಎಂಟಿಟಿಯನ್ನು ನೇರಳೆ ಮಾಡೋದನ್ನ ಅಳೆಯೋ ಪರೀಕ್ಷೆ. ಡೋಸ್ 100ರಿಂದ 1000 ಮೈಕ್ರೋಗ್ರಾಂ/ಮಿಲಿ, 48 ಗಂಟೆ. ನಾರ್ಮಲ್ ಕಂಟ್ರೋಲ್‌ಗೆ ಚಾಂಗ್ ಲಿವರ್ ಕೋಶ. ಮುಂದೆ ಲಿವರ್ ಕ್ಯಾನ್ಸರ್‌ನ ಮಾಲಿಕ್ಯುಲರ್ ಆಂಕಾಲಜಿಯಲ್ಲೇ ಪಿಎಚ್‌ಡಿ ಮಾಡೋ ಆಸೆ. ಎಲ್ಲಿ ಎಡವಬಹುದು ಅಂತ ಕೋಶ ತರಿಸೋಕೆ ಮೊದಲೇ ಹೇಳಿಬಿಡಿ.

ಪಿಪೆಟ್_ಪುರಾಣ:
ಮೊದಲು ಚಾಂಗ್ ಲಿವರ್ ಕೈಬಿಡಿ. ಹೆಸರಲ್ಲಷ್ಟೇ ಲಿವರ್, ಒಳಗಿರೋದು ಹೇಲಾ, ಅಂದರೆ ಗರ್ಭಕಂಠದ ಕ್ಯಾನ್ಸರ್ ಕೋಶ. 1960ರ ದಶಕದಲ್ಲೇ ಜಿ6ಪಿಡಿ ಕಿಣ್ವದ ನಮೂನೆ ನೋಡಿ ಈ ಬೆರಕೆ ಹಿಡಿದಿದ್ದರು. ಆದರೂ ನಮ್ಮಲ್ಲಿ ಎಷ್ಟೋ ಪೇಪರ್‌ಗಳಲ್ಲಿ ಅದು 'ನಾರ್ಮಲ್' ಅಂತಲೇ ಓಡಾಡ್ತಾ ಇದೆ. ಎಲ್-02 ಅನ್ನೋ ಇನ್ನೊಂದು 'ನಾರ್ಮಲ್ ಲಿವರ್' ಕೋಶದ ಕಥೆಯೂ ಅದೇ. ಅನುಮಾನ ಇದ್ದರೆ ಹೇಲಾದಲ್ಲಿರೋ ವೈರಸ್ ಎಚ್‌ಪಿವಿ-18ರ ಇ6 ಜೀನ್‌ಗೆ ಒಂದು ಪಿಸಿಆರ್ ಹಾಕಿ ನೋಡಿ. ಲಿವರ್ ಕೋಶದಲ್ಲಿ ಆ ಬ್ಯಾಂಡ್‌ಗೆ ಏನು ಕೆಲಸ?

ಹೆಪ್‌ಜಿ2 ಕೂಡ ವಯಸ್ಕರ ಹೆಪಟೊಸೆಲ್ಯುಲರ್ ಕಾರ್ಸಿನೋಮ ಅಲ್ಲ, 15 ವರ್ಷದ ಹುಡುಗನ ಹೆಪಟೊಬ್ಲಾಸ್ಟೊಮ (ಸಾಮಾನ್ಯವಾಗಿ ಮಕ್ಕಳಲ್ಲಿ ಬರೋ ಲಿವರ್ ಕ್ಯಾನ್ಸರ್). ಗಡ್ಡೆ ತಡೆಯೋ ಪ್ರೋಟೀನ್ ಪಿ53 ನೆಟ್ಟಗಿದೆ, ಹೆಪಟೈಟಿಸ್ ಬಿ ಇಲ್ಲ. ಜೊತೆಗೆ ಹು-7 (ಪಿ53ಯಲ್ಲಿ ವೈ220ಸಿ ಮ್ಯುಟೇಶನ್) ಅಥವಾ ಹೆಪ್‌3ಬಿ (ಪಿ53 ಇಲ್ಲವೇ ಇಲ್ಲ, ಹೆಪಟೈಟಿಸ್ ಬಿ ಡಿಎನ್‌ಎ ಸೇರಿಕೊಂಡಿದೆ) ಇಟ್ಟುಕೊಂಡರೆ ಹೋಲಿಕೆಗೊಂದು ಅರ್ಥ ಬರುತ್ತೆ.

ಇನ್ನು ಎಂಟಿಟಿ. ಕಾಫಿಗೆ ಇದರಷ್ಟು ಮೋಸದ ಪರೀಕ್ಷೆ ಇನ್ನೊಂದಿಲ್ಲ. ಹಸಿರು ಬೀಜದ ತುಂಬ ಕ್ಲೋರೊಜೆನಿಕ್ ಆಮ್ಲ. ಅದು ಕೋಶವೇ ಇಲ್ಲದ ಬಾವಿಯಲ್ಲೂ (ಪ್ಲೇಟ್‌ನ ಪುಟ್ಟ ಗುಳಿ) ಎಂಟಿಟಿಯನ್ನು ನೇರಳೆ ಮಾಡುತ್ತೆ. ಸತ್ತ ಕೋಶ ಬದುಕಿದ ಹಾಗೆ ಕಾಣುತ್ತೆ. ಇದು ಒಂದು ಕಡೆಯ ತಪ್ಪು. ಇನ್ನೊಂದು ಕಡೆ, ಅದೇ ಆಮ್ಲ ಕೋಶ ಬೆಳೆಸೋ ಡಿಎಂಇಎಂ ಮೀಡಿಯಂನಲ್ಲಿ ಆಕ್ಸಿಡೈಸ್ ಆಗಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತೆ. ಕೋಶ ಸಾಯೋದು ಪೆರಾಕ್ಸೈಡ್‌ಗೆ, ಹೆಸರು ಬರೋದು ಕಾಫಿಗೆ. ಅದಕ್ಕೇ ಪ್ಲೇಟ್‌ನಲ್ಲಿ ಎರಡು ಸಾಲು ಮೀಸಲಿಡಿ: ಒಂದರಲ್ಲಿ ಸಾರ ಮತ್ತು ಎಂಟಿಟಿ ಮಾತ್ರ, ಇನ್ನೊಂದರಲ್ಲಿ ಕೋಶ, ಸಾರದ ಜೊತೆ ಪೆರಾಕ್ಸೈಡ್ ಒಡೆಯೋ ಕಿಣ್ವ ಕೆಟಲೇಸ್. ಎಂಟಿಟಿ ಹಾಕೋ ಮೊದಲು ಸಾರ ಬಸಿದು ಪಿಬಿಎಸ್ ಉಪ್ಪುನೀರಿನಲ್ಲಿ ತೊಳೀಬೇಕು.

ಬಾವಿಗೆ 8,000–10,000 ಕೋಶ, 100 ಮೈಕ್ರೋಲೀಟರ್‌ನಲ್ಲಿ. ಹೆಪ್‌ಜಿ2 ಮುದ್ದೆ ಕಟ್ಟುತ್ತೆ, ಟ್ರಿಪ್ಸಿನ್ ಹಾಕಿ ತಳದಿಂದ ಎಬ್ಬಿಸಿದ ಮೇಲೆ ಚೆನ್ನಾಗಿ ಬಿಡಿಸದಿದ್ದರೆ ಮೂರು ರೆಪ್ಲಿಕೇಟ್ ಮೂರು ದಾರಿ ಹಿಡಿಯುತ್ತವೆ. ಅಂಚಿನ ಬಾವಿಗಳು ಬೇಗ ಆರೋದರಿಂದ ಅಲ್ಲಿ ಬರೀ ಪಿಬಿಎಸ್. ಸಾರ ಕರಗಿಸೋ ಡಿಎಂಎಸ್‌ಒ ಕೊನೆಗೆ 0.5% ದಾಟಬಾರದು, ಅಷ್ಟೇ ಡಿಎಂಎಸ್‌ಒ ಕಂಟ್ರೋಲ್ ಬಾವಿಗೂ ಹೋಗಬೇಕು.

1000 ಮೈಕ್ರೋಗ್ರಾಂ ಡೋಸ್‌ಗೆ ಕೋಶ ಸತ್ತರೆ ಅದು ಸುದ್ದಿ ಅಲ್ಲ, ಅಷ್ಟು ಸುರಿದರೆ ಯಾವ ಕಷಾಯವಾದರೂ ಕೊಲ್ಲುತ್ತೆ. ಕಚ್ಚಾ ಸಾರದ ಐಸಿ50 (ಅರ್ಧದಷ್ಟು ಕೋಶ ತಡೆಯೋ ಡೋಸ್) 20–30 ಮೈಕ್ರೋಗ್ರಾಂ/ಮಿಲಿ ಒಳಗೆ ಬಂದರೆ ಮಾತ್ರ ಮುಂದಿನ ಮಾತು.

ಬೇಲೂರು_ಬೆಂಚ್:
ಎಂಟಿಟಿ ಒಂದನ್ನೇ ನಂಬಿಕೊಂಡು ಮಾಲಿಕ್ಯುಲರ್ ಆಂಕಾಲಜಿ ಅನ್ನೋಕಾಗಲ್ಲ. ಅಷ್ಟೇ ಖರ್ಚಿನಲ್ಲಿ ಡಿಎನ್‌ಎ ಪ್ರಶ್ನೆಯೊಂದಿದೆ. ಬೂಷ್ಟು ಹಿಡಿದ ಕಡ್ಲೆಕಾಯಿ, ಮುಸುಕಿನ ಜೋಳದಲ್ಲಿ ಬರೋ ಅಫ್ಲಾಟಾಕ್ಸಿನ್ ಬಿ1 ಲಿವರ್‌ನಲ್ಲಿ ಎಪಾಕ್ಸೈಡ್ ಆಗಿ ಗ್ವಾನಿನ್‌ಗೆ ಅಂಟುತ್ತೆ. ಪಿ53 ಪ್ರೋಟೀನ್ ಬರೆಯೋ ಟಿಪಿ53 ಜೀನ್‌ನ 249ನೇ ಕೋಡಾನ್ (ಮೂರಕ್ಷರದ ಪದ) ಎಜಿಜಿ ಇದ್ದದ್ದು ಎಜಿಟಿ ಆಗುತ್ತೆ, ಅಂದರೆ ಆರ್ಜಿನಿನ್ ಜಾಗದಲ್ಲಿ ಸೆರಿನ್. 1991ರಲ್ಲಿ ಚೀನಾ, ದಕ್ಷಿಣ ಆಫ್ರಿಕಾದ ಗಡ್ಡೆಗಳಲ್ಲಿ ಸಿಕ್ಕ ಗುರುತು ಇದು.

ನೋಡೋದು ಸುಲಭ. ಆ ಜಾಗದ ಜಿಜಿಸಿಸಿಯನ್ನು ಹೇ-III ಕಿಣ್ವ ಕತ್ತರಿಸುತ್ತೆ, ಮ್ಯುಟೇಶನ್ ಇದ್ದರೆ ಕತ್ತರಿಸಲ್ಲ. ಕಿಣ್ವ ಅರ್ಧ ಕೆಲಸ ಮಾಡಿ ನಿಂತರೂ ಕತ್ತರಿಸದ ಬ್ಯಾಂಡ್ ಉಳಿದು ಸುಳ್ಳು ಹೇಳುತ್ತೆ. ಅದಕ್ಕೆ ಪಕ್ಕದ ಲೇನ್‌ನಲ್ಲಿ ನಿಮ್ಮ ಹೆಪ್‌ಜಿ2 ಡಿಎನ್‌ಎ ಇರಲಿ, ಅದು ಪೂರ್ತಿ ತುಂಡಾಗಲೇಬೇಕು. ಪಾಸಿಟಿವ್ ಕಂಟ್ರೋಲ್‌ಗೆ ಈ ಮ್ಯುಟೇಶನ್ ಇರೋ ಪಿಎಲ್‌ಸಿ/ಪಿಆರ್‌ಎಫ್/5 ಕೋಶ. ಕೊನೆಗೆ ಸ್ಯಾಂಗರ್ ಸೀಕ್ವೆನ್ಸಿಂಗ್‌ನಲ್ಲಿ ಅಕ್ಷರ ಓದಿ ಖಚಿತ ಮಾಡಿ.

ಪಿಎಚ್‌ಡಿಗೆ ಸಿಎಸ್‌ಐಆರ್ ನೆಟ್ ಪರೀಕ್ಷೆಯ ಜೆಆರ್‌ಎಫ್ ಫೆಲೋಶಿಪ್ ಇದ್ದರೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂ., ಆಮೇಲೆ 42,000, ಮನೆ ಬಾಡಿಗೆ ಭತ್ಯೆ (ಎಚ್‌ಆರ್‌ಎ) ಬೇರೆ. ಸಂಸ್ಥೆಗಳಲ್ಲಿ ದೆಹಲಿಯ ಐಎಲ್‌ಬಿಎಸ್ ಲಿವರ್‌ಗೇ ಮೀಸಲು, ಖಾರ್ಘರ್‌ನ ಆಕ್ಟ್ರೆಕ್ ಕ್ಯಾನ್ಸರ್‌ಗೆ. ಅರ್ಜಿಯಲ್ಲಿ ಐಸಿ50ಗಿಂತ ನಿಮ್ಮ ಕಂಟ್ರೋಲ್‌ಗಳ ಬಗ್ಗೆ ಬರೆಯಿರಿ.

ಮೂಡಿಗೆರೆ_ರೋಬಸ್ಟಾ:
ಹಾಸನದ ಆಸ್ಪತ್ರೆಯೊಂದರ ಹಳೇ ಪ್ಯಾರಾಫಿನ್ ಬ್ಲಾಕ್‌ಗಳಲ್ಲಿ (ಫಾರ್ಮಲಿನ್ ಹಾಕಿ ಮೇಣದಲ್ಲಿ ಹುದುಗಿಸಿಟ್ಟ ಗಡ್ಡೆ ತುಣುಕು) ಈ 249ರ ಪರೀಕ್ಷೆ ಮಾಡಬಹುದಾ?

ಬೇಲೂರು_ಬೆಂಚ್:
ಆಗುತ್ತೆ, ಆದರೆ ಎಥಿಕ್ಸ್ ಕಮಿಟಿ ಒಪ್ಪಿಗೆ ಬಾರದೆ ಬ್ಲಾಕ್ ಮುಟ್ಟಬೇಡಿ. ಫಾರ್ಮಲಿನ್‌ನಲ್ಲಿ ಡಿಎನ್‌ಎ ಚೂರಾಗಿರುತ್ತೆ, ಪಿಸಿಆರ್ ತುಣುಕು 150–160 ಬೇಸ್ ಜೋಡಿ ದಾಟದ ಹಾಗೆ ಪ್ರೈಮರ್ ಬರೆಸಿ. ಫಾರ್ಮಲಿನ್‌ನಿಂದ ಸಿ ಇದ್ದದ್ದು ಟಿ ಅಂತ ಸುಳ್ಳು ಓದಿಸುತ್ತೆ, ಎದುರಿನ ಎಳೆಯಲ್ಲಿ ಜಿ ಇದ್ದದ್ದು ಎ. ಜಿ ಹೋಗಿ ಟಿ ಬಂದಿದ್ದರೆ ಮಾತ್ರ ಅಫ್ಲಾಟಾಕ್ಸಿನ್ ಕಡೆ ಬೆರಳು ತೋರಿಸಿ.