ದೋಣಿಯಲ್ಲಿ ಸ್ಪಿರಿಟ್ ಸ್ಟೋವ್: ನೀರೆರಚಿದರೂ ಬೆಂಕಿ ಹರಡಿದ್ದೇಕೆ?

ಪ್ರಶ್ನೆ: ಗೊರೂರು ಹಿನ್ನೀರಲ್ಲಿ ಬಲೆ ಬಿಡೋರು ನಾವು. ಸಣ್ಣ ಫೈಬರ್ ದೋಣಿ, ಇಬ್ಬರೇ. ಟೀ ಕಾಯಿಸೋಕೆ ಸ್ಪಿರಿಟ್ ಸ್ಟೋವ್ ಇದೆ. ನಿನ್ನೆ ಬೆಳಿಗ್ಗೆ ಒಂಬತ್ತರ ಬಿಸಿಲಲ್ಲಿ, ಸ್ಟೋವ್ ಆರಿದೆ ಅಂತ ನನ್ನ ತಮ್ಮ ಕ್ಯಾನ್ ಬಗ್ಗಿಸಿದ. ಭಗ್ಗನೆ ಹತ್ತಿತು. ಚೊಂಬಲ್ಲಿ ನೀರೆರಚಿದೆ, ಬೆಂಕಿ ಹಲಗೆ ಕೆಳಗೆಲ್ಲ ಹರೀತು. ಅವನ ಮುಂಗೈ ಸುಟ್ಟಿದೆ. ನೀರಿಗೆ ಆರೋ ಬೆಂಕಿ ಅಂತ ಹೇಳಿಯೇ ಅಂಗಡಿಯವರು ಕೊಟ್ಟಿದ್ದು. ತಪ್ಪೆಲ್ಲಾಯ್ತು ಸಾರ್?

ಉತ್ತರ (ನಿವೃತ್ತ ಅಗ್ನಿಶಾಮಕ ಸಿಬ್ಬಂದಿ, ಹಾಸನ): ಮೊದಲು ತಮ್ಮನ ಕೈ. ಗುಳ್ಳೆ ಒಡೆಯಬೇಡಿ, ಟೂತ್‌ಪೇಸ್ಟ್ ಬಳಿಯಬೇಡಿ, ಇವತ್ತೇ ಡಾಕ್ಟರಿಗೆ ತೋರಿಸಿ.

ಸ್ಟೋವ್ ಆರಿರಲೇ ಇಲ್ಲ ಅನ್ನಿಸುತ್ತದೆ. ಸ್ಪಿರಿಟ್ ಉರಿ ತಿಳಿನೀಲಿ, ಹೊಗೆಯಿಲ್ಲ, ಮಸಿಯಿಲ್ಲ. ಬಿಸಿಲಲ್ಲಿ, ಅದೂ ನೀರು ಕಣ್ಣಿಗೆ ಹೊಡೆಯುವಾಗ, ಕಾಣುವುದೇ ಇಲ್ಲ. ಸುರಿದ ಧಾರೆ ಹಿಡಿದುಕೊಂಡೇ ಬೆಂಕಿ ಕ್ಯಾನಿನ ಬಾಯಿಗೆ ಏರುತ್ತದೆ. ಸೀಮೆಎಣ್ಣೆಯ ಆವಿ ಹತ್ತಬೇಕಾದರೆ ಅದು 35 ಡಿಗ್ರಿಯಷ್ಟಾದರೂ ಕಾದಿರಬೇಕು, ಸ್ಪಿರಿಟ್ಟಿನಲ್ಲಿರುವ ಆಲ್ಕೋಹಾಲ್ ಆದ ಎಥನಾಲ್‌ಗೆ 13 ಡಿಗ್ರಿ ಸಾಕು. ಅಂದರೆ ನಮ್ಮ ಮಾಗಿ ಚಳಿಯಲ್ಲೂ ಬಹುತೇಕ ದಿನ ಅದು ಹತ್ತೋಕೆ ತಯಾರಾಗಿಯೇ ಇರುತ್ತದೆ. ಆವಿ ಗಾಳಿಗಿಂತ ಭಾರ, ದೋಣಿ ತಳದಲ್ಲೇ ಕೂರುತ್ತದೆ.

ನೀರಿನ ವಿಚಾರ. ಸ್ಪಿರಿಟ್ ನೀರಲ್ಲಿ ಬೆರೆಯುತ್ತದೆ, ಅಂಗಡಿಯವರು ಹೇಳಿದ್ದು ಅಷ್ಟರಮಟ್ಟಿಗೆ ನಿಜ. ಆದರೆ ಸಮಸಮ ಬೆರೆತರೂ ಉರಿಯುತ್ತದೆ! ಒಂದು ಚೊಂಬು ನೀರು ಅದನ್ನು ತೆಳ್ಳಗೆ ಮಾಡಲಿಲ್ಲ, ಹೊತ್ತುಕೊಂಡು ಹೋಯಿತು. ಎರಚುವ ಬದಲು ಮುಚ್ಚಿ: ಸ್ಟೋವ್ ಮೇಲೆ ತಟ್ಟೆ, ಚೆಲ್ಲಿದ್ದರ ಮೇಲೆ ಒದ್ದೆ ಗೋಣಿಚೀಲ.

ತುಂಬಿಸುವುದು ದಡದಲ್ಲಿ ಮಾತ್ರ. ಮುಚ್ಚಳ ಹಾಕಿ ಆರಿಸಿ, ಬರಿಗೈಯಲ್ಲಿ ಮುಟ್ಟುವಷ್ಟು ತಣ್ಣಗಾದ ಮೇಲೆ. ನನ್ನ ಕೇಳಿದರೆ ಟೀಯನ್ನೂ ದಡದಲ್ಲೇ ಕಾಯಿಸಿ, ಫ್ಲಾಸ್ಕಿಗೆ ಹಾಕಿಕೊಂಡು ಹೋಗಿ. ದೋಣಿಗೆ ಬೆಂಕಿ ಬಿದ್ದರೆ ಓಡೋಕೆ ಜಾಗ ಎಲ್ಲಿದೆ?

ಲಕ್ಕವಳ್ಳಿಯಿಂದ ಒಬ್ಬರು: ನಮ್ಮದು ಪಂಪ್ ಹೊಡೆಯೋ ಸ್ಪಿರಿಟ್ ಸ್ಟೋವ್. ಅದು ಪರವಾಗಿಲ್ವಾ?

ಉತ್ತರ: ಅದರಲ್ಲಿ ಭಯ ಇನ್ನೂ ಜಾಸ್ತಿ. ಹಳೇ ಸೀಮೆಎಣ್ಣೆ ಪಂಪ್ ಸ್ಟೋವ್ ನೆನಪಿದೆಯಲ್ಲ, ಬರ್ನರ್ ಕಾಯುವ ಮೊದಲೇ ಕೀಲಿ ತಿರುಗಿಸಿದರೆ ಉರಿ ಆಳೆತ್ತರ ಏಳುತ್ತಿತ್ತು. ಇದೂ ಹಾಗೆಯೇ. ಒತ್ತಡವಿಲ್ಲದ, ಒಳಗೆ ಹೀರುವ ಹತ್ತಿ ತುಂಬಿದ ಡಬ್ಬಿಯದು ವಾಸಿ, ಉರುಳಿದರೂ ಒಮ್ಮೆಲೇ ಚೆಲ್ಲುವುದಿಲ್ಲ.

ಪ್ರಶ್ನೆ: ಮಳೇಲಿ ಟಾರ್ಪಾಲಿನ್ ಎಳ್ಕೊಂಡು ಒಳಗೆ ಹಚ್ಚಬಹುದಾ?

ಉತ್ತರ: ಖಂಡಿತ ಬೇಡ. ಮುಚ್ಚಿದ ಜಾಗದಲ್ಲಿ ಕಾರ್ಬನ್ ಮೊನಾಕ್ಸೈಡ್ ಸೇರಿಕೊಳ್ಳುತ್ತದೆ, ವಾಸನೆಯೂ ಇರುವುದಿಲ್ಲ. ತಲೆಭಾರ ಅನ್ನಿಸುವಷ್ಟರಲ್ಲಿ ಏಳೋಕೂ ಆಗದೆ ಹೋಗಬಹುದು.

ಪ್ರಶ್ನೆ (ಮೊದಲು ಕೇಳಿದವರು): ಕೈ ತೋರಿಸಿ ಬಂದ್ವಿ ಸಾರ್. ತಟ್ಟೆ ಎಷ್ಟು ದೊಡ್ಡದಿರಬೇಕು?

ಉತ್ತರ: ಬರ್ನರ್ ಬಾಯಿಗಿಂತ ಸುತ್ತ ಎರಡು ಬೆರಳು ಅಗಲ, ಸ್ಟೀಲಿನದು, ಉದ್ದ ಹಿಡಿಯಿರಲಿ. ಸ್ಟೋವ್ ಪಕ್ಕದಲ್ಲಿ ಬೇಡ, ನೀವು ಕೂರುವ ಹಲಗೆಗೆ ಸಿಕ್ಕಿಸಿಡಿ. ಬೆಂಕಿ ದಾಟಿ ಕೈ ಹಾಕುವಂತಾಗಬಾರದು.