ಪಿಯು ಫಿಸಿಕ್ಸ್ ಬಳಗ, ಹುಬ್ಬಳ್ಳಿ-ಧಾರವಾಡ: ವರ್ಕ್, ಎನರ್ಜಿ, ಮೊಮೆಂಟಮ್ ಪ್ರಶ್ನೋತ್ತರ

ವಿದ್ಯಾರ್ಥಿನಿ, ಗದಗ: ನಮಸ್ಕಾರ್ರೀ ಸರ್. 20 ಗ್ರಾಂ ಗುಂಡು ಸೆಕೆಂಡಿಗೆ 200 ಮೀಟರ್ ವೇಗದಾಗ ಬಂದು, ದಾರಕ್ಕ ತೂಗಬಿಟ್ಟ 1.98 ಕೆಜಿ ಕಟ್ಟಿಗಿ ತುಂಡಿನಾಗ ಸಿಕ್ಕೊಂತೈತಿ. ತುಂಡು ಎಷ್ಟು ಎತ್ತರಕ್ಕ ಏರ್ತೈತಿ? ಎನರ್ಜಿ ಸಮ ಹಿಡಿದು ಮಾಡಿದ್ರ 20 ಮೀಟರ್ ಬರಾಕತ್ತೈತಿ. ಪುಸ್ತಕದಾಗ 20 ಸೆಂ.ಮೀ. ಐತಿ.

ಉಪನ್ಯಾಸಕರು: ನೋಡವಾ, ಇದರಾಗ ಎರಡು ಘಟನೆ ಅದಾವ, ನೀ ಒಂದ ಅಂತ ಹಿಡದೀ. ಮೊದಲನೇದು ಗುಂಡು ಹೊಕ್ಕು ನಿಲ್ಲೋದು. ಅದು ಕಣ್ಣು ಮುಚ್ಚಿ ತೆರೆಯೋದರಾಗ ಮುಗೀತದ, ದಾರ ಇನ್ನೂ ನೆಟ್ಟಗ ಇರ್ತದ. ಅಡ್ಡಕ್ಕ ಹೊರಗಿನ ಬಲ ಇಲ್ಲ, ಹಂಗಾಗಿ ಮೊಮೆಂಟಮ್, ಅಂದ್ರ ಮಾಸ್ × ವೇಗ, ಉಳೀತದ. 0.02 × 200 = 4. ಒಟ್ಟು 2 ಕೆಜಿಯಿಂದ ಭಾಗಿಸು, ಸೆಕೆಂಡಿಗೆ 2 ಮೀಟರ್. ಈಗ ಎನರ್ಜಿ ನೋಡು: ಮೊದಲು 400 ಜೂಲ್ ಇತ್ತು, ಉಳಿದದ್ದು ಬರೇ 4. ಬಾಕಿ 396 ಜೂಲ್ ಕಟ್ಟಿಗಿ ಸೀಳೋದರಾಗ, ಶಾಖದಾಗ ಹೋತು. ನೀ ಅದನ್ನೂ ಎತ್ತರಕ್ಕ ಹಚ್ಚೀದಿ. ಎರಡನೇದು ತುಂಡು ತೂಗಿ ಮೇಲೇರೋದು. ದಾರದ ಎಳೆತ ಚಲನೆಗೆ ಯಾವಾಗಲೂ ಲಂಬ, ಅದು ಕೆಲಸ ಮಾಡಂಗಿಲ್ಲ. ಎನರ್ಜಿ ಹಚ್ಚೋದು ಇಲ್ಲಿ. ವೇಗದ ವರ್ಗ 4, ಅದನ್ನ 2gಯಿಂದ, ಅಂದ್ರ ಗುರುತ್ವ g ಸುಮಾರು 10 ಹಿಡಿದು 2 × 10ರಿಂದ, ಭಾಗಿಸಿದ್ರ 0.2 ಮೀಟರ್. ತಾಳೆ ನೋಡಾಕ ಒಂದು ದಾರಿ: ಉಳಿಯೋ ಎನರ್ಜಿಯ ಪಾಲು ಗುಂಡಿನ ಮಾಸ್ ಭಾಗಿಸು ಒಟ್ಟು ಮಾಸ್, ಇಲ್ಲಿ ನೂರರಾಗ ಒಂದು.

ಪಾಲಕರು, ಹಾವೇರಿ: ವಾಟ್ಸಾಪಿನಾಗ ಬಂದೈತ್ರೀ: ‘ಡಿಕ್ಕಿ ಲೆಕ್ಕ ಬಂದ್ರ ಎರಡೂ ವಸ್ತುವಿನ ವೇಗ ಅದಲು ಬದಲು ಮಾಡಿ, ಉತ್ತರ ತಯಾರ್.’ ಮಗನಿಗೆ ಬಾಯಿಪಾಠ ಮಾಡಿಸ್ಲೇನ್ರೀ?

ಉಪನ್ಯಾಸಕರು: ಬ್ಯಾಡ್ರೀ. ಎರಡರ ಮಾಸ್ ಸಮ ಇರಬೇಕು, ಡಿಕ್ಕಿ ಒಂದ ಗೆರೆಮ್ಯಾಲೆ ಆಗಬೇಕು, ಚಲನಶಕ್ತಿ ಒಂದಿಷ್ಟೂ ಹೋಗಬಾರದು. ಮೂರೂ ಕೂಡಿದ್ರಷ್ಟ ಅದು ನಿಜ. ಮೇಲಿನ ಗುಂಡಿಗೆ ಹಚ್ಚಿ ನೋಡ್ರಿ: ಕಟ್ಟಿಗಿಗೆ 39,600 ಜೂಲ್ ಬರ್ತದ, ತಂದದ್ದು 400. ಇಂಥವನ್ನ ಇಲ್ಲಿ ಹಾಕಬ್ಯಾಡ್ರಿ. ಹುಡುಗರು ಪರೀಕ್ಷಾದಾಗ ಇದನ್ನ ಬರದು ಮಾರ್ಕ್ಸ್ ಕಳ್ಕೋತಾರ.

ವಿದ್ಯಾರ್ಥಿ, ಧಾರವಾಡ: ಸರ್, ಸ್ಪ್ರಿಂಗ್ 5ರ ಬದಲಿ 10 ಸೆಂ.ಮೀ. ಒತ್ತಿದ್ರ ಎನರ್ಜಿ ಎರಡು ಪಟ್ಟೋ, ನಾಲ್ಕು ಪಟ್ಟೋ?

ವಿದ್ಯಾರ್ಥಿ, ಹುಬ್ಬಳ್ಳಿ: ಹಮಾಲ 20 ಕೆಜಿ ಪೆಟ್ಟಿಗಿ ತಲಿಮ್ಯಾಲೆ ಹೊತ್ತು ನಮ್ಮ ಸ್ಟೇಷನ್ನಿನ 1507 ಮೀಟರ್ ಪ್ಲಾಟ್‌ಫಾರ್ಮ್ ಪೂರ್ತಿ ನಡದ್ರೂ ಕೆಲಸ ಸೊನ್ನೆ ಹೆಂಗ್ರೀ?

ಉಪನ್ಯಾಸಕರು: ಒಂದ ವೇಗದಾಗ ನಡದ್ರ ಬಲ ಮ್ಯಾಲಕ್ಕ, ಸರಿದದ್ದು ಅಡ್ಡಕ್ಕ. ಲಂಬ, ಅದಕ್ಕ ಸೊನ್ನೆ. ನೆಲದಿಂದ 1.5 ಮೀಟರ್ ಎತ್ತುವಾಗ, g 9.8 ಹಿಡಿದ್ರ, 20 × 9.8 × 1.5 = 294 ಜೂಲ್.

ಇನ್ನೊಬ್ಬ: ಬೆವರ್ತಾನಲ್ರೀ ಮತ್ತ?

ಉಪನ್ಯಾಸಕರು: ಪೆಟ್ಟಿಗಿಮ್ಯಾಲಿನ ಕೆಲಸ ಸೊನ್ನೆ. ಸ್ನಾಯು ಸುಡೋ ಶಕ್ತಿ ಬ್ಯಾರೆ.

ಮತ್ತೊಬ್ಬಳು: ಬಕೆಟ್ ಹಿಡ್ಕೊಂಡು ನಡದ್ರ?

ಉಪನ್ಯಾಸಕರು: ಮ್ಯಾಲೆ ಓದು.

ಸದಸ್ಯ 1: ಬಸ್ ಬೈಕಿಗೆ ಹೊಡದ್ರ ಬಸ್ಸಿನ ಬಲಾನ ಹೆಚ್ಚು. ಅದಕ್ಕ ಬೈಕ್ ನುಜ್ಜುಗುಜ್ಜಾಗ್ತೈತಿ.

ಸದಸ್ಯ 2: ಅಲ್ರೀ, ಎರಡರಮ್ಯಾಲೂ ಬಲ ಸಮ. ನ್ಯೂಟನ್ ಮೂರನೇ ನಿಯಮ.

ಸದಸ್ಯ 1: ಪುಸ್ತಕದ ಮಾತು ಬಿಡ್ರಿ. ರಸ್ತೆದಾಗ ನಿಂತು ನೋಡ್ರಿ.

ಸದಸ್ಯ 2: ಲೆಕ್ಕ ನೋಡ್ರಿ. ಬಸ್ 15,000 ಕೆಜಿ, ಬೈಕ್ ಸವಾರ ಸೇರಿ 250 ಅಂತ ಹಿಡೀರಿ. ಬಲ ಸಮ, ವೇಳೆ ಸಮ, ಮೊಮೆಂಟಮ್ ಬದಲಾವಣೆನೂ ಸಮ. ಹಂಗಾಗಿ ಬೈಕಿನ ವೇಗ 60 ಪಟ್ಟು ಹೆಚ್ಚು ಬದಲಾಗ್ತೈತಿ.

ಸದಸ್ಯ 1: ನಮಗ ಕಲಿಸಾಕ ಬರಬ್ಯಾಡ್ರಿ.

ಸದಸ್ಯ 2: ತಪ್ಪು ಹೇಳಿದ್ರ ತಿದ್ದಾಕ ಬೇಕ್ರೀ, ಹುಡುಗರು ಓದ್ತಾರ.

ಉಪನ್ಯಾಸಕರು: ಎರಡನೇಯವರು ಹೇಳಿದ್ದು ಸರಿ. ಜಗಳ ಸಾಕು.

ವಿದ್ಯಾರ್ಥಿ, ಧಾರವಾಡ: ಸರ್, ಸ್ಪ್ರಿಂಗ್?

ವಿದ್ಯಾರ್ಥಿ, ಹಾವೇರಿ: ಸರ್, ಗುಂಡಿನ ಲೆಕ್ಕಕ್ಕ ನನಗೂ 20 ಮೀಟರ್ ಬರಾಕತ್ತೈತಿ.

ಉಪನ್ಯಾಸಕರು: ಮೊದಲನೇ ಉತ್ತರ ಪೂರ್ತಿ ಓದು. ಓದದ ಕೇಳಿದವರಿಗೆ ಇನ್ನ ಉತ್ತರ ಕೊಡಂಗಿಲ್ಲ.