ಪದಚರ್ಚೆ: ಬಿಟ್ಟು ಹೋಗುವುದಕ್ಕೆ ‘ವಲಸೆ’ ಒಂದೇ ಸಾಕೇ?

ಗೆಳೆಯರಿಗೆ ನಮಸ್ಕಾರ.

ಮಾಲ್ಡೋವಾ ದೇಶದ ಕುರಿತ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಪುಟದಲ್ಲೇ ಸಿಕ್ಕಿಬಿದ್ದೆ. “ವಲಸೆಯಿಂದ ಹಳ್ಳಿಗಳು ಸೊರಗಿದವು” ಎಂದು ಬರೆದಿದ್ದನ್ನು ಓದಿದ ನನ್ನ ಹೆಂಡತಿ, “ಅಲ್ಲಿಗೆ ಯಾರು ಬಂದರು?” ಎಂದು ಕೇಳಿದಳು. ತಪ್ಪು ಅವಳದಲ್ಲ. ಹೋಗು, ಬರು ಜೊತೆಗಿದ್ದರೆ ವಲಸೆಗೆ ದಿಕ್ಕು ಇರುತ್ತದೆ. ಒಂಟಿಯಾಗಿ ನಿಂತರೆ ಈಗಿನ ಪತ್ರಿಕೆ ಓದುವವರಿಗೆ ಅದು ‘ಹೊರಗಿನವರು ಬಂದರು’ ಎಂದೇ ಕೇಳಿಸುತ್ತದೆ. ಪಠ್ಯಪುಸ್ತಕಗಳ ‘ಹೊರವಲಸೆ’ ಇದೆ, ನಿಜ. ಭೂಗೋಳದ ಪರೀಕ್ಷೆಗೆ ಅಡ್ಡಿಯಿಲ್ಲ, ಆದರೆ ಮನುಷ್ಯರ ಬಾಯಲ್ಲಿ ನಾನದನ್ನು ಕೇಳಿಲ್ಲ.

ಸಂದರ್ಭ ಇಷ್ಟು. 1991ರಲ್ಲಿ ಸೋವಿಯತ್ ಒಕ್ಕೂಟದಿಂದ ಬೇರೆಯಾದ ಈ ಪುಟ್ಟ ದೇಶ ದ್ರಾಕ್ಷಿ, ವೈನ್, ಹಣ್ಣುಗಳನ್ನು ರಷ್ಯಾಕ್ಕೆ ಮಾರಿ ಬದುಕುತ್ತಿತ್ತು. 1998ರಲ್ಲಿ ರೂಬಲ್ ಕುಸಿದಾಗ ಕೊಳ್ಳುವವರೇ ಇಲ್ಲದಂತಾಯಿತು. ಗಂಡಸರು ಮಾಸ್ಕೋ ಕಡೆ ಕಟ್ಟಡ ಕೆಲಸಕ್ಕೆ ಹೋದರು, ಹೆಂಗಸರು ಇಟಲಿಯ ಮನೆಗೆಲಸಕ್ಕೆ. 2006ರ ಸುಮಾರಿಗೆ ಹೊರಗಿದ್ದವರು ಮನೆಗೆ ಕಳಿಸುತ್ತಿದ್ದ ದುಡ್ಡೇ ದೇಶದ ಒಟ್ಟು ಉತ್ಪನ್ನದ ಮೂರನೆಯ ಒಂದು ಭಾಗದಷ್ಟಿತ್ತು. ಸರ್ಕಾರದ ಹಿಡಿತ ತಪ್ಪಿದ ಪೂರ್ವದ ಪಟ್ಟಿ ಟ್ರಾನ್ಸ್‌ನಿಸ್ಟ್ರಿಯವನ್ನು ಬಿಟ್ಟು ಲೆಕ್ಕ ಹಾಕಿದರೆ 2004ರಲ್ಲಿ ಸುಮಾರು 34 ಲಕ್ಷವಿದ್ದ ಜನಸಂಖ್ಯೆ 2024ರ ಗಣತಿಯಲ್ಲಿ 24 ಲಕ್ಷಕ್ಕೆ ಇಳಿದಿತ್ತು. ಹುಟ್ಟುವವರು ಕಡಿಮೆಯಾದದ್ದೂ ಸೇರಿದೆಯೆನ್ನಿ.

ನಾನು ಲಿಂಗಸುಗೂರಿನ ಕಡೆಯವನು. ಕೈ ತಾನಾಗಿ ‘ಗುಳೆ’ಯತ್ತ ಹೋಯಿತು. ಬೀಗ ಹಾಕಿದ ಮನೆ, ಕಟ್ಟೆಯ ಮೇಲೆ ಮುದುಕರು, ಅವರ ಮಡಿಲಲ್ಲಿ ಮೊಮ್ಮಕ್ಕಳು: ಚಿತ್ರ ಪೂರ್ತಿ ಹೊಂದುತ್ತದೆ. ಆದರೆ ಗುಳೆ ಹೋದವರು ಮಳೆ ಬಿದ್ದ ಸುದ್ದಿ ಕೇಳಿದರೆ ಗಂಟುಮೂಟೆ ಹೊತ್ತು ತಿರುಗಿ ಬರುತ್ತಾರೆ. ಇಟಲಿಯಲ್ಲಿ ಹತ್ತು ಹದಿನೈದು ವರ್ಷ ನಿಂತವಳಿಗೆ ಯಾವ ಮುಂಗಾರು? ಭಾನುವಾರದ ರಜೆಯಲ್ಲಿ ಅವಳು ಮಾಲ್ಡೋವಾದಿಂದ ಮಿನಿಬಸ್ಸು ಬಂದು ನಿಲ್ಲುವ ಮೈದಾನಕ್ಕೆ ಹೋಗುತ್ತಾಳೆ; ಊರಿನ ಚೀಸು, ಉಪ್ಪಿನಕಾಯಿ ಜಾಡಿ ಇಳಿಸಿಕೊಂಡು, ಮಕ್ಕಳ ಹೆಸರು ಬರೆದ ಪೆಟ್ಟಿಗೆಯನ್ನು ಹತ್ತಿಸುತ್ತಾಳೆ. ಬಸ್ಸು ಹೋಗುತ್ತದೆ, ಅವಳು ಉಳಿಯುತ್ತಾಳೆ. ಇದು ಗುಳೆಯಲ್ಲ.

ಅವಳ ಕೆಲಸದ ಹೆಸರೂ ತಲೆನೋವೇ. ಇಟಲಿಯವರು ‘ಬದಾಂತೆ’ ಎನ್ನುತ್ತಾರೆ, ಅಂದರೆ ನಿಗಾ ಇಡುವವಳು, ನೋಡಿಕೊಳ್ಳುವವಳು. ಮುದುಕರ ಮನೆಯಲ್ಲೇ ವಾಸ, ಹಗಲಿರುಳು ಕೆಲಸ. ‘ಆಯಾ’ ಎಂದರೆ ಮಗು ಕಣ್ಣಿಗೆ ಬರುತ್ತದೆ, ‘ಆರೈಕೆದಾರ್ತಿ’ ಸರ್ಕಾರಿ ಸುತ್ತೋಲೆಯಂತಿದೆ. ‘ಬದಾಂತೆ’ಯನ್ನೇ ಇಟ್ಟುಕೊಳ್ಳೋಣ ಅನ್ನಿಸುತ್ತಿದೆ.

ಇನ್ನು ‘ತಾರತಮ್ಯ’. ತರ, ತಮಗಳಿಂದ ಬಂದ ಈ ಪದ ಮೊದಲು ಹೆಚ್ಚುಕಡಿಮೆಯ ಮೆಟ್ಟಿಲುಗಳನ್ನಷ್ಟೇ ಹೇಳುತ್ತಿತ್ತು; ಮಾಧ್ವರ ಶಾಸ್ತ್ರದಲ್ಲಿ ಇಂದಿಗೂ ಹಾಗೆಯೇ. ಈಗ ಪತ್ರಿಕೆಗಳಲ್ಲಿ ಅದು ಒಬ್ಬರು ಇನ್ನೊಬ್ಬರಿಗೆ ಮಾಡುವ ಅನ್ಯಾಯ. ರಾಜಧಾನಿ ಕಿಶಿನೌದ ಐಟಿ ಕಂಪನಿಗಳ ಸಂಬಳವನ್ನು ಹಳ್ಳಿಯ ಮೇಷ್ಟರ ಸಂಬಳದ ಪಕ್ಕ ಇಟ್ಟು ನೋಡಿದರೆ ಅಜಗಜಾಂತರ. ಅದಕ್ಕೆ ನಾನು ‘ವೇತನದ ಅಂತರ’ ಎಂದು ಬರೆದೆ. ಆದರೆ ಊರಿನಲ್ಲಿ ಪಾಠ ಹೇಳುತ್ತಿದ್ದವಳು ಇಟಲಿಗೆ ಹೋದರೆ ಅವಳ ಪದವಿಗೆ ಕಿಮ್ಮತ್ತಿಲ್ಲ, ಮುದುಕರ ಹಾಸಿಗೆ ಬದಲಿಸುವ ಕೆಲಸವೊಂದೇ ಗತಿ. ಅದು ತಾರತಮ್ಯ. ಮೂಲದಲ್ಲಿ ಎರಡಕ್ಕೂ ಒಂದೇ ಪದವಿದೆ, ನಾನು ಎರಡು ಬಳಸಿದ್ದೇನೆ. ಅನುವಾದಕ ಇಷ್ಟು ಸ್ವಾತಂತ್ರ್ಯ ತೆಗೆದುಕೊಳ್ಳಬಹುದೇ?

ಕಡೆಯದು, ನನ್ನನ್ನು ಬಿಡದೆ ಕಾಡುತ್ತಿರುವುದು. ಆ ನಾಡಿನ ರೊಮೇನಿಯನ್ ಭಾಷೆಯಲ್ಲಿ ‘ಸ್ತ್ರಯಿನ್’ ಎಂದರೆ ಪರನಾಡಿನವನು. ಜನಪದ ಹಾಡುಗಳಲ್ಲಿ ಅದಕ್ಕೆ ದಿಕ್ಕಿಲ್ಲದವನು, ಒಬ್ಬಂಟಿ ಎಂಬ ಛಾಯೆಯೂ ಇದೆ. ನಮ್ಮ ‘ಪರದೇಶಿ’ ಅಲ್ಲವೇ ಇದು? ಆದರೆ ನಮ್ಮಲ್ಲಿ ಪರದೇಶಿಯಾಗಲು ಊರು ಬಿಡಬೇಕಾಗಿಲ್ಲ. ನಮ್ಮ ಓಣಿಯ ಮುದುಕಿಯೊಬ್ಬಳು, ಮಗ ಸೊಸೆ ಬೆಂಗಳೂರಿಗೆ ದುಡಿಯಲು ಹೋದಾಗ, “ಕೂಸನ್ನು ಪರದೇಶಿ ಮಾಡಿ ಹೋದರು” ಎಂದು ಅಂಗಳದಲ್ಲಿ ನಿಂತು ಅತ್ತಿದ್ದಳು. ಕೂಸು ಇದ್ದದ್ದು ಸ್ವಂತ ಮನೆಯಲ್ಲಿ, ಅಜ್ಜಿಯ ಸೊಂಟದ ಮೇಲೆ. ತಾಯಿ ಇಟಲಿಯಲ್ಲಿದ್ದು ಅಜ್ಜಿಯ ಬಳಿ ಬೆಳೆಯುವ ಮಾಲ್ಡೋವಾದ ಮಕ್ಕಳ ಭಾಗಕ್ಕೆ ‘ಪರದೇಶಿ ಮಕ್ಕಳು’ ಎಂದು ಶೀರ್ಷಿಕೆ ಕೊಟ್ಟಿದ್ದೇನೆ. ಮೈಸೂರಿನ ಕಡೆಯ ಓದುಗರಿಗೆ ಇದು ‘ವಿದೇಶಿ ಮಕ್ಕಳು’ ಎಂದು ಕೇಳಿಸೀತೇ, ಅಥವಾ ಬೈಗುಳದಂತೆ ಕೇಳಿಸೀತೇ?

ಕರಾವಳಿಯವರೂ ದಯವಿಟ್ಟು ಹೇಳಬೇಕು. ನೀವು ‘ಘಟ್ಟಕ್ಕೆ ಹೋದ’, ‘ಬೊಂಬಾಯಿಗೆ ಹೋದ’, ‘ಗಲ್ಫಿನಲ್ಲಿದ್ದಾನೆ’ ಎಂದು ಸ್ಥಳದ ಹೆಸರಿನಲ್ಲೇ ಎಲ್ಲವನ್ನೂ ಮುಗಿಸುತ್ತೀರಿ. ಹೋದವನು ಇನ್ನು ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಅವನ ಬಗ್ಗೆ ಮನೆಯವರು ಏನೆನ್ನುತ್ತಾರೆ? ನನಗೆ ಬೇಕಾಗಿರುವುದು ಆ ಮಾತು.